ಏಳಕ್ಷರದ ಒಪ್ಪಿಗೆ

"ಸಾಧಾರಣ ಅಂತ ಬರ್ದೀರಲ್ರೀ ಮೇಷ್ಟ್ರೇ! ನನ್ ಮಗಳು ಸಾಧಾರಣನಾ?"

ಬಸ್ಸಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಜಂಪಣ್ಣ ಇನ್‌ಲ್ಯಾಂಡ್ ಲೆಟರನ್ನು ಕನ್ನಡ ಮೇಷ್ಟ್ರು ನಾಗೇಂದ್ರಪ್ಪನವರ ಮೂಗಿಗೇ ಹಿಡಿದ. ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ಜಂಪಣ್ಣನ ಪಕ್ಕದಲ್ಲಿ ಮಗಳು ಉಡಚಮ್ಮ ತಲೆ ತಗ್ಗಿಸಿ ಕೂತಿದ್ದಳು. ಮೇಷ್ಟ್ರು ಅವಳನ್ನು ನೋಡಿಕೊಂಡು ಹೋಗಿ ಎಂಟು ದಿನವಾಗಿತ್ತು. ಈಗ ಅಪ್ಪ ಅವಳನ್ನು ಚನ್ನಗಿರಿಗೆ ಕರೆದುಕೊಂಡು ಹೊರಟಿದ್ದ. ಅಲ್ಲಿ ಅವಳ ಸೋದರತ್ತೆಯ ಮನೆಗೆ ಮಧ್ಯಾಹ್ನ ಇನ್ನೊಂದು ಗಂಡು ಬರುವುದಿತ್ತು. ಸುದ್ದಿ ತಿಳಿದ ಮೇಷ್ಟ್ರು ಪಾಠ ಬಿಟ್ಟು ಓಡಿ ಬಂದಿದ್ದರು.

"ಸಾಧಾರಣ ಅಲ್ಲ ಯಜಮಾನರೇ, ಅನನ್ಯಸಾಧಾರಣ! ಅಂದರೆ..."

"ಕೊನೀಗೆ ಸಾಧಾರಣ ಅಂತ್ಲೇ ಐತಲ್ಲ! ಮುಂದೆ ಅದೇನೋ ಮೂಢ ಅಂತಾನೂ ಐತೆ. ನಮ್ ಮನೆತನದಾಗೆ ಯಾವನ್ರೀ ಮೂಢ?"

"ಕಿಂಕರ್ತವ್ಯವಿಮೂಢ. ಅದು ನಾನು!"

"ಹಂಗಾರೆ ಮೂಢಗೆ ನಾನ್ಯಾಕೆ ಹೆಣ್ಣು ಕೊಡ್ಲಿ?"

ಬಸ್ಸಿಗೆ ಬಸ್ಸೇ ನಕ್ಕಿತು. ಹಾಳಾದ್ದು, "ಹುಡುಗಿ ಹಿಡಿಸಿದ್ದಾಳೆ" ಎಂದು ಬರೆದಿದ್ದರೆ ಇಷ್ಟು ಹೊತ್ತಿಗೆ ಮುಹೂರ್ತವೇ ಗೊತ್ತಾಗಿರುತ್ತಿತ್ತು. ಆದರೆ ಏಳಕ್ಷರಕ್ಕಿಂತ ಚಿಕ್ಕ ಪದ ಬರೆಯುವುದೆಂದರೆ ಮೇಷ್ಟ್ರಿಗೆ ಅಂಗಿ ಇಲ್ಲದೆ ಬೀದಿಗೆ ಬಂದಂತೆ. ಜಂಪಣ್ಣ ಕಾಗದವನ್ನು ಓಣಿಯವರಿಗೆಲ್ಲ ತೋರಿಸಿ, ಒಬ್ಬೊಬ್ಬರಿಂದ ಒಂದೊಂದು ಅರ್ಥ ಕೇಳಿ, ಇದು ಹುಡುಗಿ ಬೇಡ ಅನ್ನುವ ನಾಜೂಕಿನ ದಾರಿ ಎಂದು ತೀರ್ಮಾನಿಸಿದ್ದ. ಉಡಚಮ್ಮ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಅವಳಿಗೆ ಮೇಷ್ಟ್ರು ಹಿಡಿಸಿದ್ದರು.

ಕಂಡಕ್ಟರ್ ಮಂಜೂರ್ ವಾಚು ನೋಡಿದ. "ಮೇಷ್ಟ್ರೇ, ಬೇಗ ಮುಗಿಸ್ರಿ. ಟೈಮಾತು."

"ಒಂದೇ ಮಾತು," ಎಂದ ಜಂಪಣ್ಣ. "ಈ ಸಂಬಂಧಕ್ಕೆ ನಿಮಗೆ ಮನಸೈತೋ ಇಲ್ಲೋ?"

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಗಂಟಲು ಸರಿಮಾಡಿಕೊಂಡರು. "ಮದೀಯ ಹೃದಯಾಂತರಾಳದಲ್ಲಿ ಅನಿರ್ವಚನೀಯವಾದ..."

"ರೈಟ್!" ಎಂದ ಮಂಜೂರ್.

ಬಸ್ಸು ಹೊರಟೇಬಿಟ್ಟಿತು. ಮೇಷ್ಟ್ರು ಪಂಚೆ ಎತ್ತಿ ಹಿಡಿದು ಕಿಟಕಿಯ ಪಕ್ಕದಲ್ಲೇ ಓಡತೊಡಗಿದರು. ಒಂದು ಚಪ್ಪಲಿ ಹಿಂದೆ ಉಳಿಯಿತು. ಬಾಯಲ್ಲಿ ಇನ್ನೂ ಆ ಅನಿರ್ವಚನೀಯವೇ ಸಿಕ್ಕಿಕೊಂಡಿತ್ತು. ಉಡಚಮ್ಮನಿಗೆ ಅಳುವೂ ಬಂತು, ಸಿಟ್ಟೂ ಬಂತು. ಅಪ್ಪನನ್ನು ಬದಿಗೆ ತಳ್ಳಿ ಕಿಟಕಿಗೆ ಬಂದಳು.

"ರೀ, ಐತೆ ಅನ್ರೀ!"

"ಐತೆ!" ಎಂದು ಮೇಷ್ಟ್ರು ಕೂಗಿದರು. "ಐತೆ! ಐತೆ! ಐತೆ!"

ಮಂಜೂರ್ ಸೀಟಿ ಊದಿ ಬಸ್ಸು ನಿಲ್ಲಿಸಿದ. ಜಂಪಣ್ಣ ಕಾಗದ ಮಡಿಚಿ ಜೇಬಿಗಿಟ್ಟುಕೊಂಡು, ಮಗಳನ್ನು ಕರೆದುಕೊಂಡು ಕೆಳಗಿಳಿದ.

"ಇಷ್ಟು ಬರ್ಯಾಕೆ ಏನಾಗಿತ್ರೀ ನಿಮಗೆ?"

ಮೇಷ್ಟ್ರು ಏದುಸಿರು ಬಿಡುತ್ತ ನಕ್ಕರು. ಅವರ ಬೆನ್ನಟ್ಟಿ ಬಂದಿದ್ದ ಎಂಟನೇ ಕ್ಲಾಸಿನ ಮಕ್ಕಳು ಮಾತ್ರ ನಗಲಿಲ್ಲ. 'ಇದೆ' ಎನ್ನುವ ಕಡೆ 'ಐತೆ' ಅಂದಿದ್ದಕ್ಕೆ ಆ ದಿನ ಮೊದಲ ಪೀರಿಯಡ್ಡಿನಲ್ಲೇ ಹಿಂಡಿಸಿಕೊಂಡ ಕಿವಿಗಳನ್ನು ಸವರಿಕೊಳ್ಳುತ್ತ, ಹನ್ನೊಂದು ಜನ ಮೇಷ್ಟ್ರ ಕಿವಿಯನ್ನೇ ನೋಡುತ್ತ ನಿಂತಿದ್ದರು.