ದ್ಯಾಮವ್ವನ ದೀಕ್ಷೆ

ಹೋದ ಕ್ರಿಸ್‌ಮಸ್ಸಿನ ಮರುದಿನ ಇಂಡಿ ಊರಿನ ಎಸ್ತೇರಮ್ಮ ತನ್ನ ತಾಯಿ ದ್ಯಾಮವ್ವನ ಈ ಕಥೆಯನ್ನು ಓಣಿಯ ಹೆಂಗಸರಿಗೆ ಮೊದಲ ಸಲ ಹೇಳಿದಳು. ದೀಕ್ಷಾಸ್ನಾನಕ್ಕಾಗಿ ಮೂರು ವರ್ಷ ಹಂಬಲಿಸಿದ್ದ ದ್ಯಾಮವ್ವ ಪಾಸ್ಟರರ ಮೇಜಿನೆದುರು ನಿಂತಿದ್ದಳು. ಕರ್ತನ ಪ್ರಾರ್ಥನೆಯನ್ನು ಬಾಯಿಪಾಠ ಒಪ್ಪಿಸಿದವರಿಗಷ್ಟೇ ದೀಕ್ಷೆ. ಅವಳಿಗೆ ಮೊದಲ ಮಾತೇ ಹೊರಡಲಿಲ್ಲ.

“ಮನ್ಯಾಗ ಗಿಳಿಹಂಗ ಹೇಳ್ತಿದ್ದೆಲ್ಲ ಯಕ್ಕಾ?” ಎಂದು ಜೊತೆಗೆ ಬಂದಿದ್ದ ನೆರೆಯ ರೇಣುಕಾ ನಕ್ಕಳು.

“ಅದು ರೊಟ್ಟಿ ಬಡಿಯೂ ಮುಂದ ಕಲಿತದ್ದರಿ,” ಎಂದು ದ್ಯಾಮವ್ವ ಪಾಸ್ಟರರಿಗೆ ಹೇಳಿದಳು. “ಕೈ ಸುಮ್ಮನಿದ್ರ ಬಾಯಿಗೆ ಬರೂದಿಲ್ರಿ.”

“ಹಂಗಾರ ಇಲ್ಲೇ ಬಡೀರಿ, ಯವ್ವಾ,” ಎಂದು ಪಾಸ್ಟರರು ಮೇಜು ತೋರಿಸಿದರು.

ಅವಳ ಅಂಗೈ ಮೇಜಿಗೆ ಬಿದ್ದದ್ದೇ ತಡ, ಮಾತುಗಳು ಒಂದರ ಹಿಂದೊಂದು ಬಂದವು. ‘ಆಮೆನ್’ ಎನ್ನುವಾಗ ಪಾಸ್ಟರರ ಅಂಗೈಯೂ ಅವಳ ಜೊತೆ ಬಡಿಯುತ್ತಿತ್ತು.

“ಅವ್ವ ಹೋಗಿ ಹತ್ತು ವರ್ಷಾತು. ರೊಟ್ಟಿ ಬಡಿಯೂ ಮುಂದ ಇನ್ನೂ ಅಕೀ ದನೀನ ಕೇಳತೈತಿ,” ಎಂದಳು ಎಸ್ತೇರಮ್ಮ. ಕೇಳಿದ ಹೆಂಗಸರು ಸೆರಗು ಸರಿಪಡಿಸಿಕೊಂಡು ಎದ್ದು ಮನೆಗೆ ನಡೆದರು.