ಬಾಯಿಗೆ ಹೊಸ ಹೆಸರು

ಚಂದ್ರನಲ್ಲಿ ದುಡಿಯುವ ಗಂಡನ ಬಳಿ ನೆಲೆಸಲು ನೀಲವ್ವ ವೀಸಾ ಕೇಳಿದ್ದು ಇದು ಮೂರನೆಯ ಸಲ, ಇನ್ನೊಮ್ಮೆ ಕೇಳುವಂತಿರಲಿಲ್ಲ. ಇಬ್ಬರೂ ನಾಲ್ಕು ವರ್ಷ ಫೋನಿನಲ್ಲಿ ಆಡಿದ್ದನ್ನೆಲ್ಲ ಮದುವೆ ನಿಜವೇ ಎಂದು ಪರೀಕ್ಷಿಸಲು ಹುಬ್ಬಳ್ಳಿಯ ವೀಸಾ ಕಚೇರಿಯ ಯಂತ್ರ ಕೇಳಿಸಿಕೊಂಡಿತ್ತು.

"ಒಮ್ಮೆನೂ ಗಂಡನ ಹೆಸರು ಹಿಡದು ಕರದಿಲ್ಲ ನೀವು. ಯಾರ ಜೋಡಿ ಮಾತಾಡೀರಿ ಅಂತ ಯಂತ್ರಕ್ಕ ಹೆಂಗ ಗೊತ್ತಾಗಬೇಕು?" ಎಂದಳು ಗುಮಾಸ್ತೆ.

"ದಿನಾ ನೂರು ಸಲ 'ರೀ' ಅಂದೀನಲ್ರೀ ಅಕ್ಕಾರ!"

"ಈಗ ನನಗೂ ರೀ ಅಂದ್ರಿ. ನಾನೇನ್ ನಿಮ್ಮ ಗಂಡನಾ?"

ಹೆಸರೆತ್ತಿದರೆ ಗಂಡನ ಆಯುಷ್ಯ ಕುಗ್ಗುತ್ತದೆಂದು ಅವ್ವ ಹೇಳಿದ್ದಳು. ನೀಲವ್ವ ಕಣ್ಣು ಮುಚ್ಚಿ ಯಂತ್ರದತ್ತ ಬಾಗಿದಳು.

"ಗುರುಬಸಪ್ಪ..."

ಪರದೆಯಲ್ಲಿ ಉತ್ತರ ಮೂಡಿತು: 'ಈ ಹೆಸರು ಅರ್ಜಿದಾರಳ ಬಾಯಿಗೆ ಹೊಸದು. ಅರ್ಜಿ ತಿರಸ್ಕೃತ.'

ನೀಲವ್ವ ಕಿಟಕಿಯ ಸರಳು ಹಿಡಿದು ಅದೇ ಹೆಸರನ್ನು ಕೂಗತೊಡಗಿದಳು, ಬಾಯಿಗೆ ಹಳೆಯದಾಗಲಿ ಎಂದು.