ಪಾದದ ಅಳತೆ

ಅವರ ಮನೆತನದಲ್ಲಿ ಹೆಣವನ್ನು ಕೂರಿಸಿ ಹೂಳುತ್ತಾರೆ. ಕುಣಿಯನ್ನು ಸತ್ತವರ ಪಾದದಿಂದಲೇ ಅಳೆದು, ಒಂಬತ್ತು ಪಾದ ಉದ್ದಕ್ಕೆ ತೋಡುತ್ತಾರೆ. ಬೆಳಗಾಗುತ್ತಲೇ ದೊಡ್ಡ ಮಗ ಬಂದು, ಜೋಳದ ದಂಟು ಹಚ್ಚಿ ಅಪ್ಪನ ಪಾದ ಅಳೆದುಕೊಂಡು ಕುಣಿ ತೋಡಲು ತನ್ನ ಹೊಲಕ್ಕೆ ಹೋದ. ಅವನು ಅತ್ತ ಹೋಗಿದ್ದೇ ತಡ, ಸಣ್ಣವನೂ ಬಂದು ಅಳೆದುಕೊಂಡು ತನ್ನ ಹೊಲಕ್ಕೆ ಹೋದ. ಗಂಡನ ಹೆಣದ ಪಕ್ಕ ಕೂತ ಮುದುಕಿ ಇಬ್ಬರನ್ನೂ ನೋಡಿದಳು. ಯಾರ ಪರ ಬಾಯಿ ತೆರೆದರೂ ಇನ್ನೊಬ್ಬ ಮಗ ಕೈಬಿಟ್ಟು ಹೋಗುತ್ತಾನೆಂದು ತುಟಿ ಬಿಚ್ಚಲಿಲ್ಲ.

ಮಧ್ಯಾಹ್ನ ಹೆಣ ಹೊರಟಿತು. ಎರಡೂ ಹೊಲಗಳಿಗೆ ದಾರಿ ಕವಲೊಡೆಯುವಲ್ಲಿ ಸಣ್ಣವನು ಅಡ್ಡ ನಿಂತ.

"ಅಪ್ಪ ನನ್ನ ಹೊಲಕ್ಕ ಬರ್ತಾನ. ಕಡೀತನಕ ಅವಗ ಕೂಳು ಹಾಕಿದಾವ ನಾನು."

"ಹಿರೇಮಗ ನಾನಿನ್ನೂ ಸತ್ತಿಲ್ಲ. ದಾರಿ ಬಿಡಲೇ."

"ಬಿಡಂಗಿಲ್ಲ. ಮೊದಲ ನನ್ನ ಕಡಿ, ಆಮ್ಯಾಲ ಒಯ್ಯಿ."

ಕುಣಿ ತೋಡಿದ ಗುದ್ದಲಿ ದೊಡ್ಡವನ ಕೈಯಲ್ಲೇ ಇತ್ತು. ತಲೆಗೆ ಒಂದೇ ಏಟು. ಸಣ್ಣವನು ಮಣ್ಣಿಗೆ ಬಿದ್ದು, ಎರಡು ಸಲ ಕಾಲು ಕೊಸರಿ ಸುಮ್ಮನಾದ.

ಹೊತ್ತವರು ಹೆಣ ಇಳಿಸಿ, ದೊಡ್ಡವನನ್ನು ಹಿಡಿದು ಬೇವಿನ ಮರಕ್ಕೆ ಕಟ್ಟಿದರು. ಹೆಣದ ಹಿಂದೆ ಬಂದಿದ್ದ ಮುದುಕಿ ಅಳಲಿಲ್ಲ. ಸಣ್ಣವನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅಳತೆಯ ದಂಟನ್ನು ಎಳೆದು, ಅವನ ಪಾದಕ್ಕೆ ಹಚ್ಚಿ ನೋಡಿದಳು.

"ಇವನ ಹೊಲದಾಗಿನ ಕುಣಿ ಇನ್ನೊಂದೀಟು ಉದ್ದ ತೋಡ್ರೆಪಾ," ಅಂದಳು. "ಇವನ ಪಾದ ಅವರಪ್ಪಂದಕ್ಕಿಂತ ಎರಡು ಬೆರಳು ಉದ್ದ ಐತಿ."